ಹುಟ್ಟುಗುಣವೂ ಹೊಳೆಯ ಸ್ನಾನವೂ

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತದೆ ಗಾದೆ. ಈ ಗಾದೆಯನ್ನು ಕಟ್ಟಿದ ಜನವೇ ಹೊಳೆಯಲ್ಲಿ ಮೂರು ಮುಳುಗು ಹಾಕಿದರೆ ಪಾಪ ಕಳೆಯುತ್ತದೆ ಎಂದೂ ನಂಬಿಕೊಂಡು ಬಂದಿದ್ದಾರೆ. ಬೆಂಕಿಗೆ ಹೋಗದ್ದು ನೀರಿಗೆ ಹೋದೀತೇ ಎಂದು ಯಾರೂ ಕೇಳಿದಂತಿಲ್ಲ. ಎರಡು ನಂಬಿಕೆಗಳೂ ಒಂದೇ ಮನೆಯಲ್ಲಿ, ಒಂದೇ ನಾಲಗೆಯ ಮೇಲೆ, ಜಗಳವಿಲ್ಲದೆ ಬಾಳಿವೆ. ನೆರೆಯವನ ತಪ್ಪಿಗೆ ಗಾದೆ, ತನ್ನ ತಪ್ಪಿಗೆ ಸ್ನಾನ ಎಂದು ಹಂಚಿಕೊಂಡದ್ದರಿಂದಲೇ ಈ ಸೌಹಾರ್ದ ಸಾಧ್ಯವಾಗಿರಬೇಕು.

ಮನುಷ್ಯ ತನ್ನನ್ನು ತಾನು ತಿದ್ದಿಕೊಳ್ಳಬಲ್ಲನೇ ಎಂಬುದು ಹಳೆಯ ಪ್ರಶ್ನೆ. ತತ್ವಶಾಸ್ತ್ರದ ಗ್ರಂಥಗಳಲ್ಲಿ ಅದಕ್ಕೆ ಉತ್ತರ ಹುಡುಕುವವರು ಹುಡುಕಲಿ. ಮೈಸೂರಿನ ದಕ್ಷಿಣಕ್ಕೂ ಆಗ್ನೇಯಕ್ಕೂ ಹರಡಿಕೊಂಡಿರುವ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ನೆಲದಲ್ಲಿ ಈ ಪ್ರಶ್ನೆಯನ್ನು ಜನ ಹಲವು ಬಗೆಯಲ್ಲಿ ಕೇಳಿಕೊಂಡಿದ್ದಾರೆ; ಒಮ್ಮೆ ರಕ್ತ ಚೆಲ್ಲಿಯೂ ಕೇಳಿಕೊಂಡಿದ್ದಾರೆ.

ಮೊದಲು ಪುರಾಣದ ಮಾತು. ನಂಜನ್ನು ಉಂಡವನು ನಂಜುಂಡ. ಅವನ ಊರು ನಂಜನಗೂಡು. ಅಲ್ಲಿ ಕಪಿಲೆಗೆ ಕೌಂಡಿನ್ಯ ನದಿ ಬಂದು ಸೇರುವ ಕಡೆ ಪರಶುರಾಮ ಕ್ಷೇತ್ರವಿದೆ. ತಂದೆ ಜಮದಗ್ನಿಯ ಆಜ್ಞೆಯಂತೆ ತಾಯಿ ರೇಣುಕೆಯ ಶಿರವನ್ನು ಕಡಿದ ಪರಶುರಾಮ, ಆ ಪಾಪವನ್ನು ಕಳೆದುಕೊಳ್ಳಲು ಅಲೆದಲೆದು ಇಲ್ಲಿಗೆ ಬಂದು ತಪಸ್ಸು ಮಾಡಿದನೆಂದು ಸ್ಥಳಪುರಾಣ. ಈ ಕಥೆಯಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ತಂದೆ ಕೊಟ್ಟ ವರದಿಂದ ರೇಣುಕೆ ಮತ್ತೆ ಬದುಕಿ ಎದ್ದಿದ್ದಾಳೆ. ಅಂದರೆ ಆದ ನಷ್ಟ ತುಂಬಿಹೋಗಿದೆ. ಮಾಡಿದ್ದು ಸ್ವಂತ ಇಚ್ಛೆಯಿಂದಲೂ ಅಲ್ಲ, ಹಿರಿಯರ ಅಪ್ಪಣೆಯಿಂದ. ಇವತ್ತಿನ ಯಾವ ವಕೀಲರಿಗಾದರೂ ಇಷ್ಟು ಸಾಕು. ಆದರೂ ಮಗನಿಗೆ ನೆಮ್ಮದಿಯಿಲ್ಲ. ಕೊಡಲಿ ಎತ್ತಿದ ಕೈ ತನ್ನದು ಎಂಬುದನ್ನು ಅವನು ಮರೆಯಲಾರ. ಪಾಪವೆಂಬುದು ಪರಿಣಾಮದಲ್ಲಿಲ್ಲ, ಮಾಡಿದವನೊಳಗೇ ಉಳಿದಿರುತ್ತದೆ ಎಂಬ ತಿಳಿವಳಿಕೆ ಈ ಕಥೆ ಕಟ್ಟಿದವರಿಗೆ ಇತ್ತು.

ಕಪಿಲೆ ಅಲ್ಲಿಂದ ಮುಂದೆ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಕಣ್ಣಿಗೆ ಕಾಣುವ ಎರಡು ನದಿಗಳ ಜೊತೆಗೆ ಕಾಣದ ಸ್ಫಟಿಕ ಸರೋವರವೂ ಕೂಡುವುದರಿಂದ ಇದು ತ್ರಿವೇಣಿ ಸಂಗಮ. ಇಲ್ಲಿನ ಗುಂಜಾ ನರಸಿಂಹಸ್ವಾಮಿಯ ಹೆಸರಿನಲ್ಲಿಯೇ ಗುಲಗಂಜಿ ಇದೆ. ಪುಣ್ಯದ ತೂಕದಲ್ಲಿ ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಎಂದು ಜನ ಹೇಳುತ್ತಾರೆ. ಅಕ್ಕಸಾಲಿಗನ ತಕ್ಕಡಿಯಲ್ಲಿ ಚಿನ್ನ ತೂಗುವ ಕಾಳಿನಿಂದ ಪುಣ್ಯವನ್ನೂ ತೂಗಿದ ಈ ಲೆಕ್ಕಾಚಾರ ಮನುಷ್ಯಸ್ವಭಾವಕ್ಕೆ ಒಳ್ಳೆಯ ಕನ್ನಡಿ. 1989ರಿಂದ ಇಲ್ಲಿ ಕುಂಭಮೇಳ ನಡೆಯುತ್ತಿದೆ. ಮೂರು ವರ್ಷಕ್ಕೊಮ್ಮೆ ಎಂಬುದು ರೂಢಿ. 2019ರ ನಂತರ ಕೊರೋನಾ ಕಾಲದ ಅಡ್ಡಿಯಿಂದ ತಪ್ಪಿ, ಮತ್ತೆ 2025ರ ಫೆಬ್ರವರಿಯಲ್ಲಿ ನಡೆಯಿತು. ಸಂಗಮದ ನೀರಿಗಿಳಿಯುವವರನ್ನು ನದಿ ಏನನ್ನೂ ಕೇಳುವುದಿಲ್ಲ. ತಪ್ಪು ಯಾವುದು, ಯಾರಿಗೆ ಮಾಡಿದ್ದು, ಅವರು ಈಗ ಎಲ್ಲಿದ್ದಾರೆ ಎಂಬ ವಿಚಾರಣೆ ಅಲ್ಲಿಲ್ಲ. ಅದೇ ಸ್ನಾನದ ಸೌಲಭ್ಯ, ಅದೇ ಅದರ ಕೊರತೆ.

ಅದೇ ತಾಲ್ಲೂಕಿನ ತಲಕಾಡಿನ ಕಥೆ ಇದಕ್ಕೆ ತೀರಾ ವಿರುದ್ಧವಾದದ್ದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ವಿಜಯನಗರದ ಪ್ರತಿನಿಧಿಯಾಗಿದ್ದವನ ಪತ್ನಿ ಅಲಮೇಲಮ್ಮನ ಬಳಿಯಿದ್ದ ಒಡವೆಗಳಿಗಾಗಿ ಆಳುಗಳು ಬೆನ್ನಟ್ಟಿದರು. ಆಕೆ ತಲಕಾಡಿನ ಎದುರು ದಡದ ಮಾಲಂಗಿಯಲ್ಲಿ ಕಾವೇರಿಯ ಮಡುವಿಗೆ ಹಾರಿ ಪ್ರಾಣ ಬಿಟ್ಟಳು. ಹಾರುವ ಮುನ್ನ ಊರಿಗೂ ಅರಸು ಮನೆತನಕ್ಕೂ ಶಾಪ ಹಾಕಿದಳು. ಐತಿಹ್ಯ ಹೀಗೆ. ತಲಕಾಡಿನ ದೇಗುಲಗಳನ್ನು ಮುಚ್ಚಿದ ಮರಳಿಗೆ ನದಿಯ ತಿರುವು, ಗಾಳಿ, ಮೇಲ್ಗಡೆ ಕಟ್ಟಿದ ಮಾಧವಮಂತ್ರಿ ಅಣೆಕಟ್ಟು ಮುಂತಾದ ಕಾರಣಗಳನ್ನು ವಿದ್ವಾಂಸರು ಹೇಳುತ್ತಾರೆ. ಅದು ಇರಲಿ. ಇಲ್ಲಿ ಮುಖ್ಯವಾದದ್ದು ಮೈಸೂರಿನ ಅರಮನೆ ಆ ಕಥೆಯನ್ನು ಅಲ್ಲಗಳೆಯಲಿಲ್ಲ ಎಂಬುದು. ಅಲಮೇಲಮ್ಮನ ವಿಗ್ರಹ ಮಾಡಿಸಿ ಪೂಜಿಸುವ ಪದ್ಧತಿ ಅರಮನೆಯಲ್ಲಿ ಬೆಳೆಯಿತು. ತಮ್ಮ ಹಿರಿಯನ ಕೈಯಲ್ಲಿ ನೊಂದವಳನ್ನು ಅರಸರೇ ಪೂಜಿಸಬೇಕಾಯಿತು. ಅದರ ಹಿಂದೆ ಪಶ್ಚಾತ್ತಾಪಕ್ಕಿಂತ ಭಯವೇ ಹೆಚ್ಚಿತ್ತು ಎನ್ನಬಹುದು. ಆದರೂ ನೊಂದವರಿಗೆ ಇಲ್ಲಿ ಒಂದು ಹೆಸರಿದೆ, ಒಂದು ಮುಖವಿದೆ. ಸ್ನಾನದ ಲೆಕ್ಕದಲ್ಲಿ ಅವೆರಡೂ ಇಲ್ಲ.

ಪರಶುರಾಮನದಾಗಲಿ, ರಾಜ ಒಡೆಯರದಾಗಲಿ, ಒಬ್ಬ ವ್ಯಕ್ತಿ ಒಂದು ದಿನ ಮಾಡಿದ ತಪ್ಪು. ಒಂದು ಬೀದಿಯ ಜನ ಇನ್ನೊಂದು ಬೀದಿಯ ಜನಕ್ಕೆ ದಿನವೂ, ತಲೆಮಾರುಗಟ್ಟಲೆ, ತಪ್ಪೆಂಬ ಅರಿವೇ ಇಲ್ಲದೆ ಮಾಡಿಕೊಂಡು ಬಂದದ್ದಕ್ಕೆ ಯಾವ ತೀರ್ಥವಿದೆ? ಬಾವಿಯ ನೀರು ಸೇದಬೇಡ, ಗುಡಿಯ ಒಳಗೆ ಬರಬೇಡ, ಈ ಓಣಿಯಲ್ಲಿ ನಡೆಯಬೇಡ ಎಂದವನಿಗೆ ತಾನು ದುಷ್ಟನೆಂದು ಅನ್ನಿಸುವುದಿಲ್ಲ. ತಾನು ಆಚಾರವಂತ ಎಂದೇ ಅನ್ನಿಸುತ್ತದೆ. ಹನ್ನೆರಡನೆಯ ಶತಮಾನದ ಶರಣರು ಕೆಣಕಿದ್ದು ಇದನ್ನೇ. ಎಂಟು ಶತಮಾನಗಳ ಅನಂತರ ಗಾಂಧೀಜಿ ‘ಆತ್ಮಶುದ್ಧಿ’ ಎಂಬ ಮಾತನ್ನು ನದೀತೀರದಿಂದ ಎತ್ತಿ ತಂದು ಊರ ಮಧ್ಯದಲ್ಲಿ ಇಟ್ಟರು. ಅಸ್ಪೃಶ್ಯತೆ ಸವರ್ಣೀಯರ ಪಾಪ. ಶುದ್ಧರಾಗಬೇಕಾದವರು ಅವರೇ ಎಂಬುದು ಅವರ ವಾದ.

1927ರ ಮಾರ್ಚಿನಲ್ಲಿ ಪ್ರವಾಸದ ಆಯಾಸದಿಂದ ಕುಸಿದ ಗಾಂಧೀಜಿಯವರನ್ನು ವಿಶ್ರಾಂತಿಗೆಂದು ನಂದಿಬೆಟ್ಟಕ್ಕೆ ಕರೆತಂದರು. ಏಪ್ರಿಲ್‌ನಿಂದ ಆಗಸ್ಟ್ ಕೊನೆಯವರೆಗೆ ಅವರು ಹೆಚ್ಚಾಗಿ ಮೈಸೂರು ಸಂಸ್ಥಾನದಲ್ಲೇ ಇದ್ದರು. ವಿಶ್ರಾಂತಿಯ ಹೆಸರಿನಲ್ಲಿ ಆದ ದೊಡ್ಡ ಕೆಲಸ ಖಾದಿಯದು. ನಂಜನಗೂಡಿನಿಂದ ಚಾಮರಾಜನಗರದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಬದನವಾಳು ಎಂಬ ಹಳ್ಳಿಯಲ್ಲಿ ಆ ವರ್ಷವೇ ಖಾದಿ ಕೇಂದ್ರ ಪ್ರಾರಂಭವಾಯಿತು. ಅದೇ ತಾಲ್ಲೂಕಿನ ತಗಡೂರಿನಲ್ಲಿ ರಾಮಚಂದ್ರರಾಯರು ಖಾದಿಯನ್ನೂ ಹರಿಜನ ಸೇವೆಯನ್ನೂ ಬದುಕನ್ನಾಗಿ ಮಾಡಿಕೊಂಡರು. ‘ಮೈಸೂರು ಗಾಂಧಿ’ ಎಂದು ಜನ ಅವರನ್ನು ಕರೆದದ್ದು ಬರಿಯ ಉಪಚಾರಕ್ಕಲ್ಲ. ಗಾಂಧೀಜಿ ಸ್ವತಃ ಬದನವಾಳಿಗೆ ಬಂದು ಹೋದರು. ಮೇಲ್ಜಾತಿಯ ಕೈಯೂ ಕೆಳಜಾತಿಯ ಕೈಯೂ ಒಂದೇ ರಾಟೆ ತಿರುಗಿಸಿದರೆ, ಒಂದೇ ನೂಲಿನ ಬಟ್ಟೆ ತೊಟ್ಟರೆ, ಮನಸ್ಸು ತಾನಾಗಿ ಮೆತ್ತಗಾಗುತ್ತದೆ ಎಂಬುದು ಆ ಕಾಲದ ನಂಬಿಕೆ. ಅದು ಹುಸಿ ನಂಬಿಕೆಯೇನಲ್ಲ. ದಿನವೂ ಒಂದೇ ಸಮನೆ ಕುಳಿತು ನೂಲುವವನಿಗೆ ತನ್ನ ಅವಸರ, ಬೇಸರ, ಅಲಕ್ಷ್ಯಗಳೆಲ್ಲ ನೂಲು ಹರಿದಾಗಲೆಲ್ಲ ಗೊತ್ತಾಗುತ್ತವೆ.

ಅದೇ 1927ರ ಮಾರ್ಚ್ 20ರಂದು, ಇಲ್ಲಿಂದ ದೂರದ ಕೊಂಕಣದ ಮಹಾಡ್‌ನಲ್ಲಿ, ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ಚೌದಾರ್ ಕೆರೆಗೆ ನಡೆದು ನೀರು ಕುಡಿದರು. ಬದನವಾಳಿನಲ್ಲಿ ರಾಟೆ, ಮಹಾಡ್‌ನಲ್ಲಿ ಕೆರೆ. ಮನುಷ್ಯ ಹೇಗೆ ಬದಲಾಗುತ್ತಾನೆ ಎಂಬ ಪ್ರಶ್ನೆಗೆ ಒಂದೇ ವರ್ಷದಲ್ಲಿ ಎರಡು ಉತ್ತರಗಳು.

ಈ ಎರಡೂ ಎದುರುಬದುರಾದದ್ದು 1932ರಲ್ಲಿ. ಸೆಪ್ಟೆಂಬರ್ 24ರ ಪುಣೆ ಒಪ್ಪಂದವಾದ ಕೆಲವೇ ದಿನಗಳಲ್ಲಿ ಅಸ್ಪೃಶ್ಯತಾ ನಿವಾರಣೆಗಾಗಿ ಒಂದು ಅಖಿಲ ಭಾರತ ಸಂಸ್ಥೆ ಹುಟ್ಟಿತು. ಅದೇ ಮುಂದೆ ಹರಿಜನ ಸೇವಕ ಸಂಘವಾಯಿತು. ಘನಶ್ಯಾಮದಾಸ್ ಬಿರ್ಲಾ ಅಧ್ಯಕ್ಷರು, ಠಕ್ಕರ್ ಬಾಪಾ ಕಾರ್ಯದರ್ಶಿ. ಸಾಲ ಮಾಡಿದವನೇ ತೀರಿಸಬೇಕು, ಆದ್ದರಿಂದ ಸಂಘದ ಹೊಣೆ ಸವರ್ಣೀಯರದೇ ಆಗಿರಬೇಕು ಎಂಬುದು ಗಾಂಧೀಜಿಯ ನಿಲುವು. ಸಾಲಗಾರರ ಈ ಸಂಘ ಏನು ಮಾಡಬೇಕೆಂದು ಆ ನವೆಂಬರಿನಲ್ಲಿ, ದುಂಡುಮೇಜಿನ ಪರಿಷತ್ತಿಗೆಂದು ಹಡಗಿನಲ್ಲಿ ಹೋಗುತ್ತಿದ್ದ ಅಂಬೇಡ್ಕರರು ಠಕ್ಕರ್ ಅವರಿಗೆ ಒಂದು ದೀರ್ಘ ಪತ್ರ ಬರೆದರು. ಮನುಷ್ಯಸ್ವಭಾವದ ಬಗ್ಗೆ ಭಾರತದಲ್ಲಿ ಬರೆದ ಅತ್ಯಂತ ಸ್ಪಷ್ಟವಾದ ದಾಖಲೆಗಳಲ್ಲಿ ಅದನ್ನೂ ಒಂದೆಂದು ಎಣಿಸಬೇಕು. ಅದು ಇದ್ದಷ್ಟು ಪ್ರಸಿದ್ಧವಾಗಿಲ್ಲ ಎಂಬುದು ಬೇರೆ ಮಾತು.

ಸಮಾಜಸೇವೆಗೆ ಎರಡು ದಾರಿಗಳಿವೆ ಎನ್ನುತ್ತಾರೆ ಅಂಬೇಡ್ಕರ್. ಮನುಷ್ಯನ ಕಷ್ಟಕ್ಕೆ ಅವನ ನಡತೆಯೇ ಕಾರಣ ಎಂದು ನಂಬಿದವರು ಅವನಿಗೆ ಮದ್ಯಪಾನ ಬಿಡಿಸುತ್ತಾರೆ, ಗರಡಿಮನೆ ಕಟ್ಟಿಸಿಕೊಡುತ್ತಾರೆ, ವಾಚನಾಲಯ ತೆರೆಯುತ್ತಾರೆ. ಅವನ ಸುತ್ತಲಿನ ಪರಿಸ್ಥಿತಿಯೇ ಕಾರಣ ಎಂದು ನಂಬಿದವರು ಆ ಪರಿಸ್ಥಿತಿಯನ್ನು ಬದಲಿಸಲು ಹೊರಡುತ್ತಾರೆ. ದಲಿತರಿಗೆ ಬೇಕಾದದ್ದು ಎರಡನೆಯದು: ಬಾವಿ, ಶಾಲೆ, ಊರ ಬೀದಿ, ಸಾರ್ವಜನಿಕ ವಾಹನಗಳಲ್ಲಿ ಅವರ ಹಕ್ಕು ಸ್ಥಾಪನೆಯಾಗಬೇಕು.

ಮುಂದಿನದು ಇನ್ನೂ ಮುಖ್ಯ. ಸವರ್ಣೀಯರಿಗೆ ನಿಧಾನವಾಗಿ ಒಳ್ಳೆಯ ಮಾತು ಹೇಳುತ್ತ ಹೋದರೆ ಅವರು ಬದಲಾಗುವುದಿಲ್ಲ. ಏಕೆಂದರೆ ರೂಢಿಯಲ್ಲಿ ಬದುಕುವ ಮನುಷ್ಯ ಯೋಚಿಸುವುದೇ ಇಲ್ಲ. ಬಿಕ್ಕಟ್ಟು ಎದುರಾದಾಗ ಮಾತ್ರ ಅವನು ಯೋಚಿಸತೊಡಗುತ್ತಾನೆ. ಮಹಾಡ್‌ನ ಕೆರೆ, ನಾಸಿಕ್‌ನ ಕಾಳಾರಾಮ ಮಂದಿರ, ಮಲಬಾರಿನ ಗುರುವಾಯೂರುಗಳ ಸತ್ಯಾಗ್ರಹಗಳು ಕೆಲವೇ ದಿನಗಳಲ್ಲಿ ಮಾಡಿದ ಕೆಲಸವನ್ನು ಸುಧಾರಕರ ಉಪದೇಶ ಎಷ್ಟು ಕಾಲಕ್ಕೂ ಮಾಡಲಾರದು. ಹಕ್ಕು ಕೇಳಲು ಹೊರಟರೆ ಹಳ್ಳಿಗಳಲ್ಲಿ ಗಲಭೆಗಳಾಗುತ್ತವೆ, ತಲೆಗಳು ಒಡೆಯುತ್ತವೆ, ಮೊಕದ್ದಮೆಗಳು ನಡೆಯುತ್ತವೆ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಸಂಘ ಆ ಹೊಣೆಯನ್ನೂ ಹೊರಬೇಕು ಎಂದರು. ಇಷ್ಟು ನಿಷ್ಠುರವಾಗಿ ಬರೆದವರೇ ಪತ್ರದ ಕೊನೆಗೆ ಬಂದಾಗ, ಸ್ಪೃಶ್ಯರನ್ನೂ ಅಸ್ಪೃಶ್ಯರನ್ನೂ ಕಾನೂನು ಒಂದಾಗಿ ಹಿಡಿದಿಡಲಾರದು, ಪ್ರೀತಿಯಿಂದ ಮಾತ್ರ ಅದು ಸಾಧ್ಯ ಎಂದದ್ದನ್ನು ಓದಿದರೆ ಆಶ್ಚರ್ಯವಾಗುತ್ತದೆ. ಅಂಬೇಡ್ಕರರನ್ನು ಬರಿಯ ಕಾನೂನಿನ ಮನುಷ್ಯರೆಂದು ತಿಳಿದವರು ಈ ಸಾಲುಗಳನ್ನು ಓದಿಲ್ಲ. ಪತ್ರ ತಲುಪಿತೆಂಬ ಉತ್ತರವೂ ಬರಲಿಲ್ಲ ಎಂದು ಅವರು ಮುಂದೆ ಬರೆದರು. ಸಂಘದಿಂದ ಅವರು ದೂರವಾದರು.

1933ರ ನವೆಂಬರಿನಲ್ಲಿ ಗಾಂಧೀಜಿ ಹರಿಜನ ಪ್ರವಾಸ ಕೈಗೊಂಡರು. 1934ರ ಜನವರಿಯಲ್ಲಿ ಅವರು ಮೈಸೂರು ಸಂಸ್ಥಾನಕ್ಕೆ ಬಂದುಹೋದ ಕೆಲವೇ ದಿನಗಳಲ್ಲಿ, 15ರಂದು, ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು ಗಾಂಧೀಜಿ. ರವೀಂದ್ರನಾಥ ಠಾಕೂರರು ಇದನ್ನು ಬಹಿರಂಗವಾಗಿ ಖಂಡಿಸಿದರು. ತಲಕಾಡಿನ ಶಾಪದ ಕಥೆ ಕೇಳಿ ಬೆಳೆದ ಹಳ್ಳಿಗನಿಗೆ ಗಾಂಧೀಜಿಯ ಮಾತು ಕವಿಗಳ ಖಂಡನೆಗಿಂತ ಬೇಗ ಅರ್ಥವಾಗಿರಬಹುದು. ಆದರೆ ಭೂಕಂಪವಾಗದ ಊರಿನಲ್ಲಿ ಪಾಪದ ನೆನಪು ಮಾಡಿಕೊಡುವವರು ಯಾರು?

ಮುಂದಿನ ಅರ್ಧ ಶತಮಾನದ ಕಥೆಯನ್ನು ಬೇಗ ಹೇಳಿಬಿಡಬಹುದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1955ರಲ್ಲಿ ಅದಕ್ಕೆ ಶಿಕ್ಷೆ ವಿಧಿಸುವ ಕಾಯ್ದೆ ಬಂತು, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. ಬದನವಾಳಿನ ಕೇಂದ್ರ ಒಂದು ಕಾಲಕ್ಕೆ ಬೆಳೆದು, ಗಿರಣಿ ಬಟ್ಟೆಯ ಎದುರು ನಿಲ್ಲಲಾರದೆ ಸೊರಗಿತು. ದಲಿತರ ಮನೆಗಳ ಮಕ್ಕಳು ಶಾಲೆಗೆ ಹೋದರು, ಕೆಲವರು ನೌಕರಿ ಹಿಡಿದರು. ಇದೇ ತಾಲ್ಲೂಕಿನ ದೇವನೂರಿನಲ್ಲಿ 1948ರಲ್ಲಿ ಹುಟ್ಟಿದ ಮಹಾದೇವ ಅವರು 1984ರಲ್ಲಿ ‘ಕುಸುಮಬಾಲೆ’ಯನ್ನು ಪ್ರಕಟಿಸಿದರು. ಮೇಲ್ಜಾತಿಯ ಹೆಣ್ಣನ್ನು ಪ್ರೀತಿಸಿದ ದಲಿತ ಹುಡುಗನ ಕೊಲೆ ಆ ಕಾದಂಬರಿಯ ಒಡಲಲ್ಲಿದೆ. ನಂಜನಗೂಡು ಸೀಮೆಯ ಆಡುನುಡಿಯಲ್ಲೇ ಬರೆದ ಆ ಪುಸ್ತಕವನ್ನು ನಾಡಿನ ವಿಮರ್ಶಕರು ಅದರ ಭಾಷೆಗಾಗಿ ಹೊಗಳಿದರು. ಭಾಷೆ ಹೊಸದಾಗಿತ್ತು ನಿಜ, ಸುದ್ದಿ ಹಳೆಯದಾಗಿತ್ತು.

1993ರ ಮಾರ್ಚಿನಲ್ಲಿ ಬದನವಾಳಿನ ಹೆಸರು ಮತ್ತೆ ಪತ್ರಿಕೆಗಳ ಮುಖಪುಟಕ್ಕೆ ಬಂತು. ಈ ಸಲ ಖಾದಿಗಾಗಿ ಅಲ್ಲ. ಊರಿನ ಸಿದ್ಧೇಶ್ವರ ದೇವಾಲಯದ ಒಳಗೆ ದಲಿತರು ಹೋಗಬಹುದೇ ಎಂಬ ಪ್ರಶ್ನೆಯಿಂದ ಹುಟ್ಟಿದ ವೈಷಮ್ಯದಲ್ಲಿ ಮೂವರು ದಲಿತರ ಕೊಲೆಯಾಯಿತು. ಸಂವಿಧಾನ ಜಾರಿಗೆ ಬಂದು ನಲವತ್ತಮೂರು ವರ್ಷಗಳಾಗಿದ್ದವು. ಊರಿಗೆ ರಾಟೆ ಬಂದು ಅರವತ್ತಾರು. ಹಕ್ಕು ಕೇಳಿದಲ್ಲಿ ತಲೆ ಒಡೆಯುತ್ತದೆ ಎಂದು ಹಡಗಿನಲ್ಲಿ ಕುಳಿತು ಬರೆದ ಪತ್ರದ ಮಾತು, ರಾಟೆಯ ಊರಿನಲ್ಲೇ ಅದಕ್ಕಿಂತ ಕ್ರೂರವಾಗಿ ನಿಜವಾಯಿತು.

ಹಾಗಾದರೆ ಅರವತ್ತಾರು ವರ್ಷಗಳ ನೂಲು ಏನು ಮಾಡಿತು? ಏನೂ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ಅದು ಹಲವು ಮನೆಗಳಲ್ಲಿ ಒಲೆ ಉರಿಸಿತು. ಮನೆಯಿಂದಾಚೆ ದುಡಿಮೆಯಿಲ್ಲದ ಹೆಂಗಸರ ಕೈಗೆ ನಾಲ್ಕು ಕಾಸು ಕೊಟ್ಟಿತು. ಆದರೆ ಒಂದೇ ಸೂರಿನಡಿ ನೂಲುವುದು ಒಂದು ಬಗೆಯ ಬದಲಾವಣೆ. ಒಂದೇ ಗುಡಿಯ ಹೊಸ್ತಿಲು ದಾಟಲು ಬಿಡುವುದು ಇನ್ನೊಂದು ಬಗೆಯದು. ಮೊದಲನೆಯದರಲ್ಲಿ ಮೇಲಿನವನು ಕಳೆದುಕೊಳ್ಳುವುದು ಏನೂ ಇಲ್ಲ, ಬೇಕಾದರೆ ಉದಾರಿ ಎಂಬ ಹೆಸರನ್ನೂ ಪಡೆಯಬಹುದು. ಎರಡನೆಯದರಲ್ಲಿ ತಾನು ಮೇಲಿನವನು ಎಂಬುದನ್ನೇ ಬಿಟ್ಟುಕೊಡಬೇಕು. ಆತ್ಮಶುದ್ಧಿಯನ್ನು ಸಂಪೂರ್ಣವಾಗಿ ತಪ್ಪಿತಸ್ಥನ ಮನಸ್ಸಿಗೇ ಬಿಟ್ಟರೆ ಅವನು ಯಾವಾಗಲೂ ಸುಲಭದ ಭಾಗವನ್ನೇ ಆರಿಸಿಕೊಳ್ಳುತ್ತಾನೆ. ಸಂಗಮದಲ್ಲಿ ಮೀಯುವವನು ಮಾಡುವುದೂ ಇದನ್ನೇ. ಹುಟ್ಟುಗುಣದ ಗಾದೆ ಇಲ್ಲಿ ಅನ್ವಯಿಸುವುದಿಲ್ಲ. ಯಾರೂ ಜಾತಿಯ ಮದವನ್ನು ಹೊಟ್ಟೆಯಿಂದ ಹೊತ್ತು ತರುವುದಿಲ್ಲ. ಅದು ಕಲಿತದ್ದು, ಕಲಿಸುವ ಏರ್ಪಾಡು ಗುಡಿಯ ಬಾಗಿಲಲ್ಲಿ, ಬಾವಿಯ ಕಟ್ಟೆಯ ಮೇಲೆ, ಬೀದಿಯ ತಿರುವಿನಲ್ಲಿ ಇರುವವರೆಗೆ ಪ್ರತಿ ತಲೆಮಾರೂ ಹೊಸದಾಗಿ ಕಲಿಯುತ್ತದೆ.

ಇನ್ನು ಕಾನೂನಿನ ವಿಷಯ. ಕೊಲೆಯ ಮೊಕದ್ದಮೆಯಲ್ಲಿ ಮೈಸೂರಿನ ನ್ಯಾಯಾಲಯ ಜೀವಾವಧಿ ಶಿಕ್ಷೆಯ ತೀರ್ಪು ಕೊಟ್ಟದ್ದು 2010ರಲ್ಲಿ. ನಡುವೆ ಹದಿನೇಳು ವರ್ಷಗಳು. ಆ ವರ್ಷ ಹುಟ್ಟಿದ ಮಗು ಕಾಲೇಜು ಸೇರುವ ಹೊತ್ತಿಗೆ ನ್ಯಾಯ ಬಂತು. ತಡವಾದರೂ ಬಂದ ತೀರ್ಪಿಗೆ ಬೆಲೆಯಿದೆ: ನಡೆದದ್ದು ಅಪರಾಧ ಎಂದು ಅದು ದಾಖಲೆಯಲ್ಲಿ ಬರೆಯಿತು. ಆದರೆ ಎರಡು ಕೇರಿಗಳ ನಡುವಿನ ದಾರಿಯಲ್ಲಿ ಮತ್ತೆ ನಡೆದಾಡಿ ಎಂದು ನ್ಯಾಯಾಲಯ ಯಾರಿಗೂ ಹೇಳಲಾರದು. ಲಿಂಗಾಯತರ ಬೀದಿಯನ್ನೂ ದಲಿತರ ಬೀದಿಯನ್ನೂ ಸೇರಿಸುವ ಒಂದು ದಾರಿ 1993ರ ನಂತರ ಬಳಕೆ ತಪ್ಪಿ ಹಾಗೆಯೇ ಉಳಿಯಿತು.

2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಪಾಳುಬೀಳುತ್ತಿದ್ದ ಖಾದಿ ಕೇಂದ್ರದ ಆವರಣವನ್ನು ಆರಿಸಿಕೊಂಡು ಸುಸ್ಥಿರ ಬದುಕಿಗಾಗಿ ‘ಬದನವಾಳು ಸತ್ಯಾಗ್ರಹ’ ನಡೆಸಿದರು. ಏಪ್ರಿಲ್ 19ರಂದು ಅಲ್ಲಿ ದೊಡ್ಡ ಸಮಾವೇಶವಾಯಿತು. ಕೈಮಗ್ಗ, ಕೈದುಡಿಮೆ, ಮಿತ ಬಳಕೆಯ ಮಾತುಗಳು ಕೇಳಿಬಂದವು. ಯಂತ್ರಕ್ಕೆ ದಾಸನಾದ ಮನುಷ್ಯ ತನ್ನನ್ನು ತಿದ್ದಿಕೊಳ್ಳಬೇಕೆಂಬ ಆ ಕರೆ ಸಾಧುವಾದದ್ದೇ. ಆದರೆ ಬದನವಾಳು ಎಂಬ ಹೆಸರಿಗೆ ಅಷ್ಟರಲ್ಲಿ ಎರಡು ಅರ್ಥಗಳಿದ್ದವು. ನಗರದಿಂದ ಬಂದವರಿಗೆ 1927 ನೆನಪಾಗುವ ಕಡೆಯಲ್ಲಿ ದಲಿತ ಕೇರಿಯವರಿಗೆ 1993 ನೆನಪಾಗದಿರಲು ಸಾಧ್ಯವೇ?

2022ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಕಾಂಗ್ರೆಸ್ ನಾಯಕ ರಾಹುಲ್ ಗಾಂಧಿ ತಮ್ಮ ಪಾದಯಾತ್ರೆಯ ನಡುವೆ ಬದನವಾಳಿಗೆ ಬಂದರು. ಖಾದಿ ಕೇಂದ್ರದ ಹೆಂಗಸರೊಡನೆ ಕುಳಿತು ಮಾತನಾಡಿದರು. ಬಳಿಕ ಆ ಮುಚ್ಚಿಹೋಗಿದ್ದ ದಾರಿಗೆ ಹೊಸದಾಗಿ ಹಾಸುಗಲ್ಲು ಹಾಸಿ ತೆರೆಯಲಾಯಿತು. ಎರಡೂ ಬೀದಿಯವರು ಸಾಲಾಗಿ ಕುಳಿತು ಒಟ್ಟಿಗೆ ಊಟ ಮಾಡಿದರು. ಅದರಲ್ಲಿ ರಾಜಕೀಯವಿತ್ತು ಎನ್ನುವವರು ತಪ್ಪು ಹೇಳುತ್ತಿಲ್ಲ. ಕ್ಯಾಮೆರಾಗಳ ಎದುರು ಹಾಕಿದ ಎಲೆ ಮರುದಿನವೂ ಹಾಕಿದ ಎಲೆಯಲ್ಲ. ಆದರೆ ಇಪ್ಪತ್ತೊಂಬತ್ತು ವರ್ಷ ಊರಿನವರು ತಾವಾಗಿ ತೆರೆಯದ ದಾರಿ, ಹೊರಗಿನವರ ಕಣ್ಣು ಬಿದ್ದ ದಿನ ತೆರೆಯಿತು ಎಂಬುದೂ ನಿಜ. ಎರಡೂ ಕೇರಿಗಳ ಮಕ್ಕಳಲ್ಲಿ ಬಹುಪಾಲಿನವರು ಆ ಹೊತ್ತಿಗೆ 1993ರ ನಂತರ ಹುಟ್ಟಿದವರು. ಆ ದಾರಿಯಲ್ಲಿ ಮೊದಲು ಜನ ನಡೆದಾಡುತ್ತಿದ್ದುದನ್ನು ಅವರು ನೋಡಿಯೇ ಇರಲಿಲ್ಲ.